ಪೂವಪ್ಪ ಅರ್ಥ ಹೇಳಿದ ಭಾನುವಾರ

೧

ಎಲ್ಲಿಂದ ಶುರುಮಾಡಲಿ? ‘ಒಂದಾನೊಂದು ಕಾಲದಲ್ಲಿ’ ಅನ್ನೋಣವೆಂದರೆ ಇದು ೧೯೫೪ರ ಮುಂಬಯಿ, ಅಷ್ಟೇನೂ ಹಳೆಯ ಕಾಲವಲ್ಲ. ಸರಿ, ಪೂವಪ್ಪನಿಂದಲೇ ಶುರುಮಾಡುತ್ತೇನೆ. ಆಫೀಸುಗಳೇ ತುಂಬಿದ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವವನು. ಕೈಗಿಂತ ಬಾಯಿ ಜೋರು.

“ಊರಿನ ತಾಳಮದ್ದಳೆಯಲ್ಲಿ ನಾನು ಅರ್ಥ ಹೇಳಲಿಕ್ಕೆ ಕೂತರೆ ಎದುರಿನವರು ಬೆವರು ಒರೆಸಿಕೊಳ್ತಿದ್ರು ಮಾರಾಯ,” ಎಂದು ಹೇಳದ ದಿನವಿಲ್ಲ. ಮೊನ್ನೆಯಷ್ಟೇ ಊರಿನಿಂದ ಬಂದು ಜೋಗೇಶ್ವರಿಯ ಚಾಳಿನ ಒಂಟಿ ಕೋಣೆಯಲ್ಲಿ ಸಂಸಾರ ಹೂಡಿದ ಹೆಂಡತಿ ವಾರಿಜಾಳಿಗೂ ಅದನ್ನೇ ಹೇಳಿದ್ದ. ಅವಳು ನಂಬಿದ್ದಳು. ಅವಳೊಬ್ಬಳ ಕಣ್ಣಿಗೆ ದೊಡ್ಡ ಮನುಷ್ಯನಾಗಿರಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೆ.

(ಗೊತ್ತಿಲ್ಲದವರಿಗೆ: ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಕೂತವರು ಅದರ ಅರ್ಥವನ್ನು ಸ್ವಂತ ಮಾತಿನಲ್ಲಿ ಬೆಳೆಸಬೇಕು. ಬರೆದಿಟ್ಟ ಮಾತು ಇರುವುದಿಲ್ಲ. ಊರಿನಲ್ಲಿ ಪೂವಪ್ಪ ಕೂರುತ್ತಿದ್ದದ್ದು ಜನರ ನಡುವೆ, ಕೇಳುವುದಕ್ಕೆ.)

೨

ಭಾನುವಾರ ಆಫೀಸುಗಳಿಗೆ ರಜೆ, ಹಾಗಾಗಿ ಹೋಟೆಲಿಗೂ ರಜೆ. ಮಧ್ಯಾಹ್ನ ಮೇಜುಗಳನ್ನು ಬದಿಗೆ ಸರಿಸಿ, ಚಾಪೆ ಹಾಸಿ, ತಾಳಮದ್ದಳೆ. ರಾಜನ ಅರ್ಥ ಹೇಳಬೇಕಾದವನಿಗೆ ಜ್ವರ. ಗಲ್ಲಾದಲ್ಲಿ ಕೂರುವ ರಮಾನಾಥರೇ ಅವತ್ತಿನ ಭಾಗವತರು. “ಪೂವಪ್ಪ ಇದ್ದಾನಲ್ಲ,” ಎಂದರು.

ಇಲ್ಲಿ ಪೂವಪ್ಪ, ಕಥೆ ಬರೆಯುತ್ತಿದ್ದ ನನ್ನ ಪೆನ್ನು ಹಿಡಿದುಕೊಂಡ. “ನನಗೂ ಜ್ವರ ಬರಿಸಿ ಸ್ವಾಮಿ.”

“ಹೆಂಡತಿಯನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದವನು ನೀನು, ನಾನಲ್ಲ,” ಎಂದೆ.

ಪದ ಮುಗಿಯಿತು. ಪೂವಪ್ಪ ಕೇಳುಗರ ಹಾಗೆ ತಲೆದೂಗಿದ. ರಮಾನಾಥರು ಪದವನ್ನು ಮತ್ತೆ ಹಾಡಿದರು. ಮಂತ್ರಿಯಾಗಿ ಎದುರು ಕೂತ ಮೋನಪ್ಪ, ಪಾಪ, ಒಳ್ಳೆಯವನು. “ಮಹಾರಾಜರು ಮೌನವಾಗಿದ್ದೀರಿ. ಶತ್ರುಗಳು ಕೋಟೆಯ ಬಾಗಿಲಿಗೆ ಬಂದಿದ್ದಾರೆ, ಏನಪ್ಪಣೆ?” ಎಂದು ದಾರಿ ಮಾಡಿಕೊಟ್ಟ.

“ಹೌದು,” ಎಂದ ಪೂವಪ್ಪ. ಹೋಟೆಲಿನ ಬಾಗಿಲ ಕಡೆ ನೋಡಿ, “ಕೂತ್ಕೊಳ್ಳಲಿಕ್ಕೆ ಹೇಳಿ.”

ಹೋಟೆಲಿಗೆ ಹೋಟೆಲೇ ನಕ್ಕಿತು. “ಕುಡಿಯಲಿಕ್ಕೆ ಏನು ಕೊಡುವ, ಮಹಾರಾಜರೆ?” ಎಂದು ಹಿಂದಿನಿಂದ ಯಾರೋ ಕೇಳಿದರು. ವಾರಿಜಾ ನಗಲಿಲ್ಲ. ತಲೆ ತಗ್ಗಿಸಿ ಚಾಪೆ ನೋಡುತ್ತಿದ್ದಳು.

೩ (ಹರಿದು ಹಾಕಿದ ಡ್ರಾಫ್ಟ್)

ಆಗ ಪೂವಪ್ಪನ ನಾಲಗೆಯ ಮೇಲೆ ಸರಸ್ವತಿಯೇ ಬಂದು ಕೂತು... ಛೆ, ಬೇಡ. ಇದು ಅವನೇ ಬರೆಸಿದ ಕೊನೆ.

೩, ಇನ್ನೊಮ್ಮೆ

ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ವಾರಿಜಾ ನಗುತ್ತ, “ಹೋಗಲಿ ಬಿಡಿ, ದೋಸೆ ಚೆಂದ ಹೊಯ್ತೀರಲ್ಲ,” ಎಂದಳು.

ಇದಕ್ಕೆ ಅವಳೇ ಒಪ್ಪಲಿಲ್ಲ. “ನಾನು ಹಾಗೆ ಹೇಳುವವಳಲ್ಲ. ನನ್ನ ಮಾತು ನಾನೇ ಆಡ್ತೇನೆ,” ಎಂದಳು ನನಗೆ.

೪

ಆಡಿದಳು. (ತುಳುವಿನಲ್ಲಿ, ಕನ್ನಡ ನನ್ನದು.) ಲೋಕಲ್ ಅಂಧೇರಿ ದಾಟಿತ್ತು, ಮುಂದಿನ ಸ್ಟೇಷನ್ ಜೋಗೇಶ್ವರಿ.

“ಒಂದು ಕೇಳ್ತೇನೆ. ಹುಡುಗಿ ನೋಡಲಿಕ್ಕೆ ಬಂದ ದಿನವೇ ನಿನ್ನನ್ನು ಮೆಚ್ಚಿದೆ, ಬೇರೆ ಯಾರನ್ನೂ ನೋಡುವುದಿಲ್ಲ ಅಂತ ಅಮ್ಮನ ಹತ್ರ ಹಟ ಹಿಡಿದೆ ಅಂದಿದ್ರಲ್ಲ. ಅದೂ ಹೀಗೆಯಾ?”

ಅದೊಂದು ನಿಜ. ನನಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು. ಅವಳಿಗೆ ಗೊತ್ತಾಗುವುದು ಹೇಗೆ? ದೇವರಾಣೆ ಅನ್ನೋಣವೆಂದರೆ ತಾಳಮದ್ದಳೆಯ ಮಾತಿಗೂ ಅವನು ದೇವರಾಣೆ ಹಾಕಿದ್ದ. ಅವನಿಗಿರುವುದು ಅದೇ ಬಾಯಿ, ಅದೇ ಮಾತುಗಳು. ಹೋಟೆಲಿನಲ್ಲಿ ಜನ ನಕ್ಕದ್ದು ಆಗಲೇ ಮರೆತುಹೋಗಿತ್ತು.

ಒಂದು ಮಾತು ಕೊಡಿ ಎಂದು ಪೂವಪ್ಪ ನನ್ನ ಕಡೆ ನೋಡುತ್ತಿದ್ದಾನೆ. ನನ್ನ ಹತ್ತಿರ ಬೇಕಾದಷ್ಟಿವೆ, ಒಂದಕ್ಕಿಂತ ಒಂದು ಚೆಂದ. ಚೆಂದದ ಮಾತು ಅವಳು ಸಾಕಷ್ಟು ಕೇಳಿದ್ದಾಳೆ, ಅದಕ್ಕೇ ಕೊಡುವುದಿಲ್ಲ. ಜೋಗೇಶ್ವರಿ ಬಂತು. ವಾರಿಜಾ ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಾಳೆ.