ಕಿಟಕಿ ಮೇಜಿನ ಆರು ಗೆಡ್ಡೆಗಳು

ಹನ್ನೆರಡು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದೇನೆ. ಎಷ್ಟೋ ಜನರನ್ನು ಪರೀಕ್ಷೆಗೆ ಕರೆದೊಯ್ದರೂ ನನ್ನ ಎದೆ ಒಮ್ಮೆಯೂ ಡವಗುಟ್ಟಿದ್ದಿಲ್ಲ. ಡವಗುಟ್ಟಿದ್ದು ಅಮ್ಮ ಆರು ಹೂಗೆಡ್ಡೆಗಳನ್ನು ನನ್ನ ಮಡಿಲಿಗೆ ಹಾಕಿದ ದಿನ.

ಅಮ್ಮ ತನ್ನ ಮನೆ, ಹೂದೋಟ ಬಿಟ್ಟು ಅಕ್ಕನ ಮೂರನೇ ಮಹಡಿಯ ಮನೆಗೆ ಹೋಗುವವಳಿದ್ದಳು. ಅಲ್ಲಿ ಮಣ್ಣೆಂದರೆ ಚಪ್ಪಲಿಗೆ ಅಂಟಿಕೊಂಡು ಬಂದಷ್ಟೇ. ಅವಳ ಕೆಂಪು ಹೂವಿನ ಗೆಡ್ಡೆಗಳಿಗೆ ಒಂದು ನೆಲೆ ಬೇಕಿತ್ತು.

"ಈ ಆರನ್ನ ಮೊದಲು ಒಳಗೆ ಕುಂಡದಲ್ಲಿ ಬೆಳೆಸು. ಚಳಿ ಹೋದ್ಮೇಲೆ ಅಂಗಳಕ್ಕೆ ಹಾಕು. ಹೂ ಬಿಟ್ರೆ ಉಳಿದ ಗೆಡ್ಡೆಯೆಲ್ಲ ನಿನಗೇ. ಇಲ್ಲ ಅಂದ್ರೆ ಪಕ್ಕದ್ಮನೆ ಟೀಚರ್‌ಗೆ ಕೊಟ್ಬಿಡ್ತೀನಿ," ಎಂದವಳು ಸುಮ್ಮನಾಗದೆ, "ನಿನ್ನ ಕೈಗೆ ಗಿಡ ಹತ್ತಲ್ಲ ಅಂತ ಗೊತ್ತು. ಆದ್ರೂ ಹೆತ್ತ ಕರುಳು ನೋಡು," ಎಂದು ಸೇರಿಸಿದಳು.

ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಹೂವು ಆ ಟೀಚರ್ ಪಾಲಾಗುವುದೆಂದರೇನು?

ನಮ್ಮ ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವುದು ಒಂದೇ ಕಡೆ. ಅದು ನಮ್ಮನೆಯವರು ಗಡಿಯಾರ ರಿಪೇರಿ ಮಾಡುವ, ಕಿಟಕಿ ಪಕ್ಕದ ಮೇಜು. ಕುಂಡಗಳನ್ನು ಅಲ್ಲೇ ಸಾಲಾಗಿ ಇಟ್ಟೆ.

"ಒಂದು ಚೂರು ಧೂಳು ಬಿದ್ರೂ ಗಡಿಯಾರ ನಿಲ್ಲತ್ತೆ. ನೀನು ಆರು ಕುಂಡ ಮಣ್ಣು ತಂದಿಟ್ಟಿದೀಯ," ಎಂದರು.

"ಸ್ವಲ್ಪ ಆ ಕಡೆ ಸರ್ಕೊಳ್ಳಿ," ಎಂದೆ. ಸರಿದರು. ಪಾಪ, ಒಳ್ಳೆಯ ಮನುಷ್ಯ.

ಮೂರು ವಾರವಾದರೂ ಮಣ್ಣು ಮಿಸುಕಲಿಲ್ಲ. ನೀರು ಹಾಕಿದೆ, ಕುಂಡ ತಿರುಗಿಸಿಟ್ಟೆ, ಪುಸಲಾಯಿಸಿದೆ, ಬೈದೆ. ಅಕ್ಕ ದಿನಾ ಫೋನ್ ಮಾಡಿ, "ಮೊಳಕೆ ಬಂತಾ?" ಎಂದು ಕೇಳುವಳು. "ಇನ್ನೇನು, ಬರ್ತಿದೆ," ಎಂದು ಬುರುಡೆ ಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಕಲಿಯುವವರೊಬ್ಬರು ಬರಲಿಲ್ಲವೆಂದು ಬೇಗ ಮನೆಗೆ ಬಂದೆ. ನೋಡಿದರೆ ನಮ್ಮನೆಯವರು ಒಂದು ಕಣ್ಣಿಗೆ ರಿಪೇರಿಯ ಮಸೂರ ಸಿಕ್ಕಿಸಿಕೊಂಡು, ಅಂಗೈಯಲ್ಲಿ ನನ್ನ ಗೆಡ್ಡೆ ಹಿಡಿದು, ಬ್ರಷ್‌ನಿಂದ ಮಣ್ಣು ಒರೆಸುತ್ತಿದ್ದರು.

"ಏನ್ರೀ ಇದು? ಎಲ್ಲಾನೂ ಬಿಚ್ಚಿ ನೋಡೋಕೆ ಇದೇನು ಗಡಿಯಾರಾನಾ? ಮೂರು ವಾರದಿಂದ ಯಾಕೆ ಬರ್ತಿಲ್ಲ ಅಂತ ಈಗ ಗೊತ್ತಾಯ್ತು," ಎಂದು ಬಾಯಿಗೆ ಬಂದಂತೆ ಬೈದೆ.

ಅವರು ಗೆಡ್ಡೆಯನ್ನು ನನ್ನ ಕೈಗಿತ್ತರು. ಮಣ್ಣಿನಲ್ಲಿ ಕೆಳಗಾಗಿದ್ದ ತುದಿಯಿಂದ ಹೊರಟ ಹಳದಿ ಮೊಳಕೆ ದಾರಿ ಸಿಗದೆ ಕೊಕ್ಕೆಯಂತೆ ಬಾಗಿತ್ತು. ಗೆಡ್ಡೆಯ ಇನ್ನೊಂದು ತುದಿಯಲ್ಲಿ ಒಣಗಿದ ಕೂದಲಿನಂಥ ಜುಟ್ಟಿತ್ತು. ಜುಟ್ಟಿದ್ದ ಕಡೆಯೇ ತಲೆ ಎಂದುಕೊಂಡು ಅದನ್ನು ಮೇಲೆ ಮಾಡಿ ನೆಟ್ಟಿದ್ದೆ. ಅದು ಬೇರು. ಊರಿಗೆಲ್ಲ ಎಡ ಬಲ ಹೇಳಿಕೊಡುವ ನನಗೆ ಮೇಲು ಕೆಳಗು ತಿಳಿದಿರಲಿಲ್ಲ.

"ಐದು ತಿರುಗಿಸಿಟ್ಟೆ. ಇದೊಂದೇ ಬಾಕಿ," ಎಂದರು.

"ನನಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಅಂದಿದ್ದೇ ನಿಜ ಅಂತ ನೀನು ಸೊರಗಿ ಹೋಗ್ತಿದ್ದೆ. ಅದಕ್ಕಿಂತ ನೀನು ನನ್ನ ಬೈಯೋದೇ ವಾಸಿ."

ನನಗೆ ನಾಚಿಕೆಯೂ ಆಯಿತು, ಮನಸ್ಸು ತುಂಬಿಯೂ ಬಂತು. ಆರನೆಯದನ್ನು ಇಬ್ಬರೂ ಸೇರಿ ಸರಿಯಾಗಿ ನೆಟ್ಟೆವು.

ಚಳಿ ಬಿಟ್ಟ ಮೇಲೆ ಆರೂ ಗಿಡಗಳು ಅಂಗಳಕ್ಕಿಳಿದವು. ಹೂ ಬಿಟ್ಟ ವಾರ ಅಮ್ಮ ಬಂದಳು. ಬಗ್ಗಿ ನೋಡಿದಳು, ಎಲೆ ಸವರಿದಳು.

"ಪರವಾಗಿಲ್ವೇ, ನಿನ್ನ ಕೈಗೂ ಹತ್ತತ್ತೆ," ಎಂದಳು.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ನಮ್ಮನೆಯವರು ಏನೂ ಅರಿಯದವರಂತೆ ಕಾಂಪೌಂಡ್ ಗೋಡೆ ನೋಡುತ್ತಿದ್ದರು. ಆದರೆ ಕಲಿಯುವವರ ಬದಲು ಪಕ್ಕದಲ್ಲಿ ಕೂತವರು ಸ್ಟೀರಿಂಗ್ ಹಿಡಿದರೆ ನಾನು ಯಾರನ್ನೂ ಪಾಸು ಎನ್ನುವುದಿಲ್ಲ.

"ಅಮ್ಮ, ನಾನು ಎಲ್ಲಾನೂ ತಲೆಕೆಳಗೆ ನೆಟ್ಟಿದ್ದೆ. ತಿರುಗಿಸಿಟ್ಟಿದ್ದು ಇವರು," ಎಂದೆ.

ನಗುತ್ತಾಳೆ, ಟೀಚರ್ ಹೆಸರೆತ್ತುತ್ತಾಳೆ ಎಂದುಕೊಂಡಿದ್ದೆ. ಅಮ್ಮ ನಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತಳು.

"ಮೊದಲನೇ ವರ್ಷ ನನಗೂ ಒಂದು ತಿಂಗಳು ಏನೂ ಬಂದಿರ್ಲಿಲ್ಲ," ಎಂದಳು ನಿಧಾನವಾಗಿ. "ಒಂದಿನ ನಿಮ್ಮಪ್ಪನ ಉಗುರಲ್ಲೆಲ್ಲ ಮಣ್ಣು. ಏನ್ರೀ ಅಂದ್ರೆ, ಸೈಕಲ್ ಕೆಸರಲ್ಲಿ ಬಿತ್ತು ಅಂದ್ರು. ಮರುವಾರ ಮೊಳಕೆ ಬಂತು. ನಲವತ್ತು ವರ್ಷ ನನ್ನ ಕೈಗುಣ ಅಂತ ಮೆರೆದೆ. ಕೇಳೋಣ ಅಂದ್ರೆ ಈಗ ಆ ಮನುಷ್ಯ ಇಲ್ಲ."

ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು.

"ಉಳಿದ ಗೆಡ್ಡೆ ನಾಳೆ ಕಳಿಸ್ತೀನಿ. ನೀನೇ ನೆಡು," ಎಂದು ನನಗೆ ಹೇಳಿದಳು. ಆಮೇಲೆ ನನಗೂ ಕೇಳಿಸುವಂತೆಯೇ ಅಳಿಯನಿಗೆ, "ನೀವು ಆಮೇಲೆ ಒಂದ್ಸಲ ನೋಡ್ಬಿಡಿ. ಅವಳಿಗೆ ಹೇಳೋದೇನೂ ಬೇಡ," ಎಂದಳು.