ಅರ್ಧ ಸುತ್ತು

ನೀರಿನ ತಳದಲ್ಲಿ ಗುಳ್ಳೆ, ಸಾಸಿವೆಯಷ್ಟು, ಇನ್ನೂ ಮೇಲೇಳುತ್ತಿಲ್ಲ, ಏಳಲಿ, ಅವಸರವೇನು, ಒಣಗಿದ ಹೂವು ಬಿಸಿನೀರಿಗೆ ಬಿದ್ದರೆ ಮತ್ತೆ ಮೆತ್ತಗಾಗುತ್ತದೆ, ಆಮೇಲೆ ಲೆನ್ಸಿನಲ್ಲಿ ನೋಡಿ ಜಾತಿ ಹೇಳುವುದು, ಇಷ್ಟು ವರ್ಷ ಇದೇ ಕೆಲಸ, ಒಳ್ಳೇ ಅಡುಗೆಯವಳು ಕಣಕ್ಕಾ ನೀನು, ಉಪ್ಪಿಲ್ಲ ಖಾರ ಇಲ್ಲ, ಅನ್ನುತ್ತಿದ್ದ ತಮ್ಮ — ಅನ್ನುತ್ತಿದ್ದ, ಆಗಲೇ ಹಾಗೆ ಹೇಳುವುದು ರೂಢಿಯಾಗಿದೆ, ಅಳು ಬರುತ್ತಿಲ್ಲ, ಪೊಟ್ಟಣ ಬಿಚ್ಚು, ಒಂದೇ ಹೂವು, ಮರದಿಂದ ಬಿದ್ದವನ ಮುಷ್ಟಿಯಲ್ಲಿ ಸಿಕ್ಕಿದ್ದು, ಡಾಕ್ಟರು ಕೈಗಡಿಯಾರದ ಜೊತೆ ಕೊಟ್ಟರು, ಇವರು ನಿಮ್ಮ ತಮ್ಮನೇನಾ ನೋಡಿ ಹೇಳಿ, ನೋಡಿದೆ, ಮೈಯೆಲ್ಲ ಸೀದಾ, ಕುತ್ತಿಗೆ ಮಾತ್ರ ಗೋಡೆಯ ಕಡೆ ತಿರುಗಿತ್ತು, ಹೌದು, ಸಹಿ ಎಲ್ಲಿ ಮಾಡಲಿ ಅಂದೆ. ಈ ಕಾಡು ಆರ್ಕಿಡ್‌ನಲ್ಲಿ ಎರಡು ಜಾತಿ, ಎಲೆ ಒಂದೇ, ಬಣ್ಣ ಒಂದೇ, ಮೊಗ್ಗಿನಲ್ಲಿ ಎರಡಕ್ಕೂ ತುಟಿಯಂಥ ಎಸಳು ಮೇಲಿರುತ್ತದೆ, ಅರಳುವಾಗ ಮಾಮೂಲಿಯದರ ತೊಟ್ಟು ಅರ್ಧ ಸುತ್ತು ಹೊರಳಿ ತುಟಿಯನ್ನು ಕೆಳಗೆ ತರುತ್ತದೆ, ಅಪರೂಪದ್ದು ಹೊರಳುವುದಿಲ್ಲ, ನಿನ್ನ ಥರಾನೇ ಅಕ್ಕಾ, ಯಾರೇನು ಹೇಳಿದ್ರೂ ತಿರುಗಲ್ಲ, ಒಂದಿನ ತಂದು ನಿನ್ನ ಮೇಜಿನ ಮೇಲೇ ಇಡ್ತೀನಿ ನೋಡು — ಮರದ ಬುಡದಲ್ಲಿ ನಿಂತು ನೋಡಿದರೆ ಯಾವುದೆಂದು ತಿಳಿಯುವುದಿಲ್ಲ, ಹತ್ತಲೇಬೇಕು, ಹತ್ತಿದ.

ಅಮ್ಮ ಬೆಳಿಗ್ಗೆ ಫೋನಿನಲ್ಲಿ, ಅವನು ಹುಡುಕ್ತಿದ್ದದ್ದು ಅದೇನಾ, ಅಷ್ಟು ಹೇಳಿಬಿಡೇ, ಸಾಕು ನಂಗೆ. ಅದೇ ಆಗಿದ್ದರೆ ಅಮ್ಮನಿಗೆ ಹಿಡಿದುಕೊಳ್ಳಲು ಏನೋ ಒಂದಿರುತ್ತದೆ, ಅಲ್ಲದಿದ್ದರೆ ಸುಮ್ಮನೆ ಬಿದ್ದ ಹಾಗೆ. ಪಕ್ಕದ ಮೇಜಿನ ಹಿರಿಯರು, ಕೊಡಮ್ಮ, ನಾನು ನೋಡ್ತೀನಿ, ನೀನು ಮನೆಗೆ ಹೋಗು, ಬೇಡ ಸರ್, ನೀರು ಕುದೀತಿದೆ, ಹೂವು ಮುಳುಗಿತು, ತೇಲಿತು, ಚಹಾದ ಹಾಗೆ ಬಣ್ಣ ಬಿಡುತ್ತಿದೆ, ಚಿಮುಟ ಎಲ್ಲಿ, ಗಾಜಿನ ತಟ್ಟೆ, ಲೆನ್ಸು, ತುಟಿ ಜಜ್ಜಿಹೋಗಿದೆ, ಅದು ಬಿಡು, ತೊಟ್ಟು ನೋಡು, ಅದರ ಮೇಲಿನ ಗೆರೆ ಸೀದಾ ಹೋದರೆ ಅಪರೂಪದ್ದು, ಹೋಗುತ್ತಿದೆ, ಸೀದಾ, ಸೀದಾ, ಅದೇ ಕಣೋ, ಸಿಕ್ಕಿತಲ್ಲೋ ನಿನಗೆ — ತಡೆ, ಹೂವಿನ ಹತ್ತಿರ ಗೆರೆ ಹೊರಳುತ್ತಿದೆ, ಅರ್ಧ ಸುತ್ತು, ಮಾಮೂಲಿಯದು, ಯಾವ ಮರದಲ್ಲಾದರೂ ಸಿಗುವಂಥದ್ದು, ಇನ್ನೊಮ್ಮೆ ನೋಡು, ನೋಡಿದೆ, ಅರ್ಧ ಸುತ್ತು, ಫೋನು ಹೊಡೆದುಕೊಳ್ಳುತ್ತಿದೆ, ಅಮ್ಮ, ಹೌದಮ್ಮ, ಅದೇ, ಅವನು ಹುಡುಕ್ತಿದ್ದದ್ದೇ, ಹೂಂ, ನಾನೇ ನೋಡ್ದೆ, ಅಮ್ಮ ಅಳುತ್ತಿದ್ದಾಳೆ, ಅಳಲಿ, ಲೆನ್ಸಿನಿಂದ ಕಣ್ಣು ತೆಗೆಯಲಾಗುತ್ತಿಲ್ಲ, ಮೈಯೆಲ್ಲ ಸೀದಾ, ಕುತ್ತಿಗೆ ಮಾತ್ರ ಗೋಡೆಯ ಕಡೆ, ಮೈಯೆಲ್ಲ ಸೀದಾ, ಕುತ್ತಿಗೆ ಮಾತ್ರ