ಕೆಂಚನ ಪಾಲಿನ ಮುದ್ದೆ

ಜನಗಣತಿಯವರು ಬರುತ್ತಾರೆಂದು ಕೇಳಿದಾಗಿನಿಂದ ರಾಮಕ್ಕನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹನ್ನೆರಡು ಮನೆಯ ಆ ಕುರುಬರ ಹಟ್ಟಿಯಲ್ಲಿ ಉಸಿರಿರುವ ಯಾವುದನ್ನೂ ಎಣಿಸುತ್ತಿರಲಿಲ್ಲ. ಸಂಜೆ ರೊಪ್ಪಕ್ಕೆ ನುಗ್ಗುವ ಕುರಿಗಳನ್ನು ಕೂಡ ‘ಮಚ್ಚೆ ಬಂದ್ಲು, ಮೋಟುಕಿವಿ ಬಂದ್ಲು’ ಎಂದು ಹೆಸರಿನಿಂದಲೇ ಗುರುತಿಡುತ್ತಿದ್ದರು. ಎಣಿಸಿದ್ದು ಕರಗುತ್ತದೆ ಎಂಬುದು ಹಿರಿಯರ ಮಾತು. ಒಳಗೆ ಸೊಸೆ ಗಂಗಲಕ್ಷ್ಮಮ್ಮನ ಮಗ್ಗುಲಲ್ಲಿ ಇಪ್ಪತ್ತು ದಿನದ ಕೂಸು ಮಲಗಿತ್ತು. ಇದಕ್ಕೆ ಮುಂಚಿನವೆರಡೂ ತೊಟ್ಟಿಲು ಕಾಣುವ ಮೊದಲೇ ಹೋಗಿದ್ದವು. ಇದೊಂದು ಮಾತ್ರ ಯಾರ ಲೆಕ್ಕಕ್ಕೂ ಸಿಗಬಾರದು.

ಎಪ್ಪತ್ತೊಂದರ ಮಾರ್ಚಿನ ಬಿಸಿಲು. ಕೆಳಗೆ ಅದಿಯಮಾನ್‌ಕೋಟೆಯಲ್ಲಿ ತಮಿಳು ಪಾಠ ಹೇಳುವ ಟೀಚರ್ ಪೂಂಗೊಡಿ ಗಣತಿಯ ಕಾಗದ ಹಿಡಿದು ಗುಡ್ಡ ಹತ್ತಿ ಬಂದಾಗ ರಾಮಕ್ಕ ಜಗಲಿಯಲ್ಲಿ ಕೂತು ಬಿಸಿ ಮುದ್ದೆಗಳನ್ನು ಕುಕ್ಕೆಗೆ ಇಡುತ್ತಿದ್ದಳು.

“ಪಾಟ್ಟಿ, ಅಜ್ಜಿ, ಮನೇಲಿ ಎತ್ತನೆ ಪೇರು? ಎಷ್ಟು ಜನ?”

“ಅದ್ನೆಲ್ಲ ಬಾಯಲ್ಲಿ ಆಡಬಾರ್ದು ಕಣವ್ವ. ಇದ್ದೀವಿ, ದೇವ್ರು ಮಡಗ್ದಂಗೆ.”

ಪೂಂಗೊಡಿ ಬೆವರೊರೆಸಿಕೊಂಡು ಕುಕ್ಕೆಯತ್ತ ನೋಡಿದಳು. ಒಂದೇ ಒಲೆಯ ಅಡುಗೆ ಉಣ್ಣುವವರೆಲ್ಲ ಒಂದು ಮನೆ ಎಂದು ಅವಳಿಗೆ ಕಲಿಸಿ ಕಳಿಸಿದ್ದರು. ಮುದ್ದೆಗಳು ಆರಿದ್ದವು.

“ಸರಿ, ಯಾವ ಮುದ್ದೆ ಯಾರ್ದು, ಅಷ್ಟು ಸೊಲ್ಲುಂಗ, ಹೇಳಿ.”

ಮುದ್ದೆ ಎಣಿಸಿದರೆ ದೋಷವಿಲ್ಲ. ರಾಮಕ್ಕ ಬೆರಳು ಮಾಡಿ ತೋರಿಸಿದಳು. ಒಂದು ತನ್ನದು, ಒಂದು ಸೊಸೆಯದು. ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ಗಂಡ ಬೈರಪ್ಪನದೊಂದು, ಮಕ್ಕಳಾದ ಮಾರಿಯಪ್ಪ, ಚಿಕ್ಕಣ್ಣರ ಎರಡು. ಆರನೆಯದು ಮಂದೆಯ ನಾಯಿ ಕೆಂಚನದು. ಕುರಿ ಕಾಯುವ ನಾಯಿಗೆ ಆಳಿಗೆ ಸಮನಾದ ಮುದ್ದೆ. ಅದು ಹಟ್ಟಿಯ ಕಟ್ಟಳೆ.

“ಇದು ನಮ್ ಕೆಂಚಂದು.”

“ವಯಸ್ಸು?”

“ನಾಕು.”

“ನಾಕು ವಯಸ್ಸಿಗೆ ಇಷ್ಟ್ ದೊಡ್ಡ ಮುದ್ದೆಯಾ?”

“ಇನ್ನೊಂದು ಆಕಿದ್ರೂ ತಿಂತಾನೆ.”

ಟೀಚರಮ್ಮ ಬರೆದುಕೊಳ್ಳುವುದನ್ನು ಕಂಡಾಗ ರಾಮಕ್ಕನಿಗೆ ಅವಳ ತಪ್ಪು ಹೊಳೆಯಿತು. ಹೊಳೆದರೂ ತಿದ್ದಲಿಲ್ಲ. ಮುದ್ದೆ ಮುಗಿದವು, ಇನ್ನು ಇವಳು ಎದ್ದು ಹೋಗುತ್ತಾಳೆ, ಕೂಸು ಉಳಿಯಿತು.

“ಕೆಲಸ?”

“ಕುರಿ ಕಾಯ್ತಾನೆ.”

“ಅಯ್ಯೋ ಪಾಟ್ಟಿ! ಮುಂದಿನ ವರ್ಷ ಇಸ್ಕೂಲಿಗೆ ಕಳ್ಸಿ.”

“ಬ್ಯಾಡವ್ವ, ಮಕ್ಕಳ್ನ ಕಚ್ಚಿಬಿಟ್ರೆ?” ರಾಮಕ್ಕನ ಬಾಯಿ ಜಾರಿತು.

ಪೂಂಗೊಡಿಯ ಪೆನ್ನು ನಿಂತಿತು. ಊಟದ ಹೊತ್ತು ಎಂದೂ ತಪ್ಪದ ಕೆಂಚ ಆಗಲೇ ಗುಡ್ಡ ಇಳಿದು ಬಂದ, ಹೊಸಬಳನ್ನು ಕಂಡು ಬೊಗಳಿದ. ಒಳಗೆ ಕೂಸು ಬೆಚ್ಚಿ ಅತ್ತಿತು.

ರಾಮಕ್ಕ ಎದ್ದು ಬಾಗಿಲಿಗೆ ಅಡ್ಡ ನಿಂತಳು. “ನಿನ್ ಕಾಲಿಗೆ ಬೀಳ್ತೀನಿ, ಅದೊಂದ್ನ ಎಣಿಸಬ್ಯಾಡ. ಮುಂಚೆ ಎರಡು ಓಗವೆ.”

ಪೂಂಗೊಡಿ ನಗಲಿಲ್ಲ. ಕಾಗದದಲ್ಲಿ ಕೆಂಚನ ಹೆಸರಿನ ಮೇಲೆ ಬೆರಳಿಟ್ಟಳು. “ಪಾಟ್ಟಿ, ಆರು ಅಂತ ಆಗ್ಲೇ ಎಣಿಸಾಯ್ತು. ಎಣಿಸಿದ್ದು ಕೆಂಚನ್ನ. ಈಗ ಅವನ ಹೆಸ್ರು ಹೊಡೆದು ಹಾಕಿ, ಆ ಜಾಗದಲ್ಲಿ ಕೂಸ್ನ ಕೂರಿಸ್ತೀನಿ. ಹೊಸ್ದಾಗಿ ಎಣಿಸೋದು ಏನೂ ಇಲ್ಲ.”

ರಾಮಕ್ಕ ಕಾಗದ ನೋಡಿದಳು, ನಾಯಿಯನ್ನು ನೋಡಿದಳು. ಎಣಿಕೆಯ ಕಣ್ಣು ಬಿದ್ದದ್ದು ಕೆಂಚನ ಮೇಲೆ. ಎರಡು ಸಲ ತೋಳ ಓಡಿಸಿದ ನಾಯಿ, ಇದನ್ನೂ ತಡೆದುಕೊಂಡಾನು.

“ಅಂಗಾದ್ರೆ ಬರ್ಕೋ. ಎಸ್ರು ಇನ್ನೂ ಮಡಗಿಲ್ಲ.”

“ಕೆಲಸ?” ಎಂದು ಅಭ್ಯಾಸಬಲದಿಂದ ಕೇಳಿ ಪೂಂಗೊಡಿ ನಾಲಿಗೆ ಕಚ್ಚಿಕೊಂಡಳು.

“ಅಳೋದು!” ಒಳಗಿಂದ ಗಂಗಲಕ್ಷ್ಮಮ್ಮ ಕೂಗಿದಳು. “ಬಿಡುವೇ ಇಲ್ಲ!”

ಟೀಚರಮ್ಮ ಪಕ್ಕದ ಮನೆಗೆ ಹೋದ ಮೇಲೆ ರಾಮಕ್ಕ ತನ್ನ ಮುದ್ದೆ ಮುರಿದಳು. ಗಂಟಲಲ್ಲಿ ಸಲೀಸಾಗಿ ಇಳಿಯಿತು. ಅರ್ಧ ತಾನು ತಿಂದು ಉಳಿದರ್ಧ ಕೆಂಚನ ಪಾಲಿಗೆ ಸೇರಿಸಿದಳು. ಆಮೇಲೆ ಕೂಸಿನ ಕಾಡಿಗೆ ಭರಣಿ ತಂದು ಕೆಂಚನ ಹಣೆಗೊಂದು ದೃಷ್ಟಿಬೊಟ್ಟು ಇಟ್ಟಳು. ಅವನು ಮುದ್ದೆಯಿಂದ ತಲೆ ಎತ್ತಲಿಲ್ಲ.